ಮನಸ್ಸು ಕೆಟ್ಟ ದಿನ ತಲೆಯಲ್ಲಿ ಏನೂ ನಿಲ್ಲಲ್ಲ, ಯಾಕೆ?

ಗುಳಿಗೆಪೆಟ್ಟಿಗೆ
ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಮೆಡಿಕಲ್ ಶಾಪ್‌ನಲ್ಲಿ ಕೆಲಸ ಮಾಡ್ತೀನಿ. ನಮ್ಮ ಕೆಲಸ ಹೇಗೆ ಅಂದ್ರೆ, ಚೀಟಿ ನೋಡ್ತೀವಿ, ಮಾತ್ರೆ ಹೆಸರು, ಎಷ್ಟು ಎಂಜಿ, ಎಷ್ಟು ದಿನಕ್ಕೆ ಅನ್ನೋದನ್ನ ತಲೆಯಲ್ಲಿಟ್ಕೊಂಡು ಹಿಂದಿನ ರ‍್ಯಾಕಿಗೆ ಹೋಗ್ತೀವಿ. ನಾಲ್ಕೈದು ಹೆಜ್ಜೆ ಅಷ್ಟೆ. ಮನಸ್ಸು ನೆಟ್ಟಗಿರೋ ದಿನ ಒಂದು ಚೀಟಿಯ ಎಲ್ಲಾ ಔಷಧಿನೂ ಒಂದೇ ಸಲಕ್ಕೆ ತರ್ತೀನಿ. ಮನೇಲಿ ಮಾತಿಗೆ ಮಾತು ಬೆಳೆದು ಬಂದ ದಿನ ಮಾತ್ರ, ರ‍್ಯಾಕ್ ಮುಂದೆ ನಿಂತಾಗ 500 ಇತ್ತೋ 650 ಇತ್ತೋ ಅನ್ನೋದೇ ಹೋಗಿಬಿಟ್ಟಿರುತ್ತೆ. ವಾಪಸ್ ಬಂದು ಚೀಟಿ ನೋಡ್ಬೇಕು. ವಿಚಿತ್ರ ಏನಂದ್ರೆ, ಅಷ್ಟರಲ್ಲಿ ಕೈ ಸರಿಯಾದ ಖಾನೆ ಮೇಲೇ ಇರುತ್ತೆ. ಜಾಗ ಮರೆಯಲ್ಲ, ಅಂಕಿ ಮರೆಯುತ್ತೆ.

ಇದು ಬರೀ "ಗಮನ ಬೇರೆ ಕಡೆ" ಅನ್ನೋದಾ? ಅಥವಾ ಬೇಸರ, ಸಿಟ್ಟು, ಆತಂಕ ಇದ್ದಾಗ ಮಿದುಳೇ ಬೇರೆ ಥರ ಕೆಲಸ ಮಾಡುತ್ತಾ? "ಮನೆ ಚಿಂತೆ ಮನೇಲೇ ಬಿಟ್ಟು ಬನ್ನಿ" ಅಂತಾರೆ ಎಲ್ಲರೂ. ಬಿಡೋದು ನಮ್ಮ ಕೈಯಲ್ಲಿದೆಯಾ ಅನ್ನೋದೇ ನನ್ನ ಪ್ರಶ್ನೆ.

ಸುಮ್ನೆ_ಓದ್ತೀನಿ
ಮೇಡಂ, ನಿದ್ದೆ ಹೇಗಿದೆ? ಮೊದಲು ಅದು ನೋಡಿ.

ಹಳೇಮೈಸೂರು
ನಾನು ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದು ನಿವೃತ್ತನಾದವನು. ಏಕಾಗ್ರತೆ ಅನ್ನುವುದು ಅಭ್ಯಾಸದ ಮಾತಮ್ಮ. ನಮ್ಮ ಕಾಲದಲ್ಲೂ ಮನೆಯಲ್ಲಿ ಜಗಳವಿತ್ತು, ಸಾಲವಿತ್ತು, ಅಪ್ಪ-ಅಮ್ಮನ ಕಾಯಿಲೆಯಿತ್ತು. ಕೌಂಟರಿನಲ್ಲಿ ಕೂತ ಮೇಲೆ ನೋಟಿನ ಕಟ್ಟೊಂದೇ ಕಣ್ಣ ಮುಂದೆ. ಈಗ ಎಲ್ಲದಕ್ಕೂ ಮಿದುಳಿನ ಕಾರಣ ಹುಡುಕುತ್ತಾರೆ. ಮನಸ್ಸು ಗಟ್ಟಿ ಮಾಡಿಕೊಂಡರೆ ಆಯಿತು.

ನರಜಾಲ
ಹಳೇಮೈಸೂರು ಸರ್, ನಿಮ್ಮ ಅನುಭವ ಸುಳ್ಳು ಅನ್ನಲ್ಲ. ಆದರೆ ನೋಟು ಎಣಿಸೋದು, ಚೀಟಿ ತಲೆಯಲ್ಲಿ ಹೊತ್ತು ನಡೆಯೋದು, ಎರಡೂ ಒಂದೇ ಥರದ ಕೆಲಸ ಅಲ್ಲ. ವರ್ಷಗಟ್ಟಲೆ ಎಣಿಸಿದ ಕೈಗೆ ಅದು ರೂಢಿ, ತಾನಾಗಿ ನಡೆಯುತ್ತೆ. ಮೇಡಂ ಮಾಡ್ತಿರೋದರಲ್ಲಿ ಪ್ರತಿ ಚೀಟಿಗೂ ಹೊಸ ಮಾಹಿತಿ. ಅದನ್ನ ಕೆಲವು ಸೆಕೆಂಡ್ ಹಿಡಿದಿಟ್ಕೊಂಡು, ಅದರ ಮೇಲೆ ಕೆಲಸ ಮಾಡಿ, ಬಿಟ್ಟುಬಿಡ್ಬೇಕು. ಇದಕ್ಕೇ ವರ್ಕಿಂಗ್ ಮೆಮೊರಿ ಅನ್ನೋದು. 1974ರಲ್ಲಿ ಬ್ಯಾಡ್ಲಿ ಮತ್ತು ಹಿಚ್ ಅನ್ನೋ ಮನೋವಿಜ್ಞಾನಿಗಳು ಇದನ್ನ ಭಾಗ ಮಾಡಿ ತೋರಿಸಿದ್ರು. ಮಾತನ್ನ ಒಳಗೊಳಗೇ ಹೇಳ್ಕೊಂಡು ಹಿಡಿದಿಡೋ ಭಾಗ ಒಂದು, ಆಕಾರ-ಜಾಗ ಹಿಡಿದಿಡೋ ಭಾಗ ಇನ್ನೊಂದು, ಎರಡನ್ನೂ ನಡೆಸೋ ಮೇಲ್ವಿಚಾರಣೆಯ ಭಾಗ ಮತ್ತೊಂದು. ಹಿಡಿದಿಡೋ ಸಾಮರ್ಥ್ಯವೂ ಚಿಕ್ಕದು. 1956ರಲ್ಲಿ ಮಿಲ್ಲರ್ ಏಳರ ಆಸುಪಾಸು ಅಂದ್ರು. 2001ರಲ್ಲಿ ಕೋವನ್ ಅದನ್ನ ಸುಮಾರು ನಾಲ್ಕಕ್ಕೆ ಇಳಿಸಿದ್ರು.

ಈಗ ಮೂಡ್ ವಿಷಯ. 2002ರಲ್ಲಿ ಗ್ರೇ, ಬ್ರೇವರ್, ರೈಕಲ್ ಮೂರೂ ಜನ ಒಂದು ಪ್ರಯೋಗ ಮಾಡಿದ್ರು. ಜನರಿಗೆ ಚಿಕ್ಕ ವಿಡಿಯೋ ತೋರಿಸೋದು. ಒಂದು ಖುಷಿ ಕೊಡುವಂಥದ್ದು, ಒಂದು ಆತಂಕ ಹುಟ್ಟಿಸುವಂಥದ್ದು, ಒಂದು ಎರಡೂ ಅಲ್ಲದ್ದು. ಆಮೇಲೆ ಮಿದುಳಿನ ಚಟುವಟಿಕೆಯ ಚಿತ್ರ ತೆಗೆಯೋ ಎಫ್‌ಎಂಆರ್‌ಐ ಸ್ಕ್ಯಾನ್ ಯಂತ್ರದೊಳಗೆ "ತ್ರೀ-ಬ್ಯಾಕ್" ಅನ್ನೋ ಪರೀಕ್ಷೆ. ಪರದೆ ಮೇಲೆ ಒಂದಾದ ಮೇಲೊಂದು ಪದ ಬರುತ್ತೆ. ಈಗ ಬಂದ ಪದ ಮೂರು ಹೆಜ್ಜೆ ಹಿಂದೆ ಬಂದಿದ್ದೇನಾ ಅಂತ ಪ್ರತಿ ಸಲ ಹೇಳ್ಬೇಕು. ಮರ, ಬಾವಿ, ಕೊಡೆ, ಮರ ಅಂತ ಬಂದ್ರೆ ನಾಲ್ಕನೇದಕ್ಕೆ "ಹೌದು". ಮುಂದೆ ಕೊಡೆ ಬಂದ್ರೆ "ಅಲ್ಲ", ಯಾಕಂದ್ರೆ ಮೂರರ ಹಿಂದೆ ಇದ್ದಿದ್ದು ಬಾವಿ. ಮಾಡಿ ನೋಡಿ, ಎರಡೇ ನಿಮಿಷಕ್ಕೆ ತಲೆ ಬಿಸಿಯಾಗುತ್ತೆ. ಪದದ ಬದಲು ಮುಖಗಳನ್ನಿಟ್ಟೂ ಮಾಡಿಸಿದ್ರು.

ಹಣೆಯ ಹಿಂದೆ ಪಕ್ಕಕ್ಕಿರೋ ಪ್ರಿಫ್ರಾಂಟಲ್ ಕಾರ್ಟೆಕ್ಸಿನ ಒಂದು ಜಾಗದಲ್ಲಿ ಚಟುವಟಿಕೆ ಎಷ್ಟು ಅನ್ನೋದು ಬರೀ ಮೂಡ್ ನೋಡಿದ್ರೆ ಹೇಳೋಕಾಗ್ತಿರಲಿಲ್ಲ. ಬರೀ ಕೆಲಸ ನೋಡಿದ್ರೂ ಆಗ್ತಿರಲಿಲ್ಲ. ಯಾವ ಮೂಡಿನಲ್ಲಿ ಯಾವ ಕೆಲಸ, ಎರಡೂ ಕೂಡಿದ್ರೆ ಮಾತ್ರ. ಅಂದ್ರೆ ಭಾವನೆ ಒಂದು ಕಡೆ, ಬುದ್ಧಿ ಒಂದು ಕಡೆ ಅನ್ನೋ ವಿಂಗಡಣೆ ಅಲ್ಲಿಗೆ ಬಂದಾಗ ನಿಲ್ಲಲ್ಲ. ಗ್ರೇ ಅವರೇ 2001ರಲ್ಲಿ ಪ್ರಕಟಿಸಿದ ವರ್ತನೆಯ ಪ್ರಯೋಗದಲ್ಲಿ, ಖುಷಿಯಲ್ಲಿದ್ದಾಗ ಪದಗಳ ಕೆಲಸ ಚೆನ್ನಾಗಾಗಿ ಜಾಗದ ಕೆಲಸ ಕೆಟ್ಟಿತು. ಆತಂಕದಲ್ಲಿ ಅದರ ತಿರುಗುಮುರುಗು. ಮೇಡಂ ಹೇಳಿದ್ದು ಹೆಚ್ಚುಕಡಿಮೆ ಇದೇ ಅಲ್ವಾ?

ಗುಳಿಗೆಪೆಟ್ಟಿಗೆ
ಅಯ್ಯೋ ಹೌದು! ಅಂಕಿ ಹೋಗುತ್ತೆ, ಜಾಗ ಉಳಿಯುತ್ತೆ. ಇದನ್ನ ಯಾರೋ ಅಳೆದು ನೋಡಿದ್ದಾರೆ ಅಂತ ಗೊತ್ತಾಗಿದ್ದೇ ದೊಡ್ಡ ಸಮಾಧಾನ.

ಅಂಕಿಅಂಶ
ತಡೀರಿ ತಡೀರಿ. ಆ 2002ರ ಸ್ಕ್ಯಾನ್ ಅಧ್ಯಯನದಲ್ಲಿ ಇದ್ದಿದ್ದು 14 ಜನ. ಹದಿನಾಲ್ಕೇ. ಅದರ ಮೇಲೆ ಇಷ್ಟು ದೊಡ್ಡ ಮಾತು ಕಟ್ಟೋದು ಬೇಡ. ಇನ್ನೊಂದು, ಜಾಗದ ನೆನಪಿನ ವಿಷಯದಲ್ಲಿ ಪೂರ್ತಿ ಉಲ್ಟಾ ಫಲಿತಾಂಶವೂ ಬಂದಿದೆ. 2006ರಲ್ಲಿ ಶ್ಯಾಕ್‌ಮನ್ ತಂಡ, ಶಾಕ್ ಹೊಡೆಯಬಹುದು ಅನ್ನೋ ಭಯ ಹುಟ್ಟಿಸಿ ಪರೀಕ್ಷೆ ಮಾಡಿದಾಗ ಕೆಟ್ಟಿದ್ದು ಜಾಗದ ಕೆಲಸವೇ, ಪದದ ಕೆಲಸ ಅಲ್ಲ. ಗ್ರೇ ಕೂಡ ಸಹಲೇಖಕರಾಗಿದ್ದ 2003ರ ಪ್ರಯೋಗದಲ್ಲೂ ಅದೇ ಕಂಡಿತ್ತು. ಹಾಗಾಗಿ "ಆತಂಕದಲ್ಲಿ ಜಾಗದ ನೆನಪು ಚೆನ್ನಾಗಿರುತ್ತೆ" ಅಂತ ಯಾರೂ ಬರ್ಕೊಂಡು ಹೋಗ್ಬೇಡಿ.

ಒಂದೊಂದೇ ಪ್ರಯೋಗ ಹಿಡ್ಕೊಂಡು ಕೂರೋ ಬದಲು ಎಲ್ಲಾ ಸೇರಿಸಿದ ಲೆಕ್ಕ ನೋಡಿ. 2016ರಲ್ಲಿ ಮೋರನ್ 177 ಸ್ಯಾಂಪಲ್‌ಗಳನ್ನ, ಒಟ್ಟು 22 ಸಾವಿರಕ್ಕೂ ಹೆಚ್ಚು ಜನರ ಅಂಕಿಅಂಶವನ್ನ ಒಟ್ಟಿಗೆ ಲೆಕ್ಕ ಹಾಕಿದ್ರು. ಆತಂಕ ಹೆಚ್ಚಿದ್ದಲ್ಲಿ ವರ್ಕಿಂಗ್ ಮೆಮೊರಿ ಸ್ವಲ್ಪ ಕಡಿಮೆ. ಪರಿಣಾಮ ಇದೆ, ದೊಡ್ಡದಲ್ಲ. ಪದಕ್ಕೊಂದು ನ್ಯಾಯ, ಜಾಗಕ್ಕೊಂದು ನ್ಯಾಯ ಅನ್ನೋದು ಅಷ್ಟು ಚೊಕ್ಕವಾಗಿ ಕಾಣಲ್ಲ.

ನರಜಾಲ
14 ಜನ ಅನ್ನೋದು ನಿಜ, ಆ ಕಾಲದ ಸ್ಕ್ಯಾನ್ ಅಧ್ಯಯನಗಳು ಹಾಗೇ ಇರ್ತಿದ್ವು. ಆದರೆ ಶಾಕ್ ಭಯ ಬೇರೆ, ವಿಡಿಯೋ ನೋಡಿ ಮನಸ್ಸು ಕದಡೋದು ಬೇರೆ, ಮನೆಯ ಜಗಳ ತಲೆಯಲ್ಲಿ ಸುತ್ತೋದು ಇನ್ನೂ ಬೇರೆ. ಎಲ್ಲವನ್ನೂ "ಕೆಟ್ಟ ಮೂಡ್" ಅಂತ ಒಂದೇ ಚೀಲಕ್ಕೆ ತುಂಬಿದ್ದರಿಂದಲೇ ಫಲಿತಾಂಶ ಒಂದಕ್ಕೊಂದು ಹೊಂದಲ್ಲ.

ಮೇಡಂ ವಿಷಯದಲ್ಲಿ ನನ್ನ ಊಹೆ ಹೇಳ್ತೀನಿ, ಊಹೆ ಅಂತಲೇ ತಗೊಳ್ಳಿ. ಜಗಳದ ನೆನಪು ಬರೋದು ಮಾತಿನ ರೂಪದಲ್ಲಿ. "ಅವರು ಹಾಗಂದ್ರು, ನಾನು ಹೀಗನ್ನಬೇಕಿತ್ತು" ಅಂತ ಒಳಗೆ ನಡೀತಾನೇ ಇರುತ್ತೆ. ಅಂಕಿಯನ್ನ ಹಿಡಿದಿಡೋದೂ ಅದೇ ಒಳದನಿ. ಬಾಯಲ್ಲಿ ಒಂದೇ ಪದವನ್ನ ಸುಮ್ಮನೆ ಹೇಳ್ತಾ ಇದ್ದರೆ ಪದಪಟ್ಟಿ ಕಡಿಮೆ ನೆನಪಿರುತ್ತೆ ಅನ್ನೋದು ಬ್ಯಾಡ್ಲಿ ಕಾಲದಿಂದ ಗಟ್ಟಿಯಾಗಿ ನಿಂತಿರೋ ಸಂಗತಿ. ಒಳಗೇ ಜಗಳ ನಡೀತಿದ್ರೂ ಹಾಗೇ ಆಗ್ಬಹುದು. ಇನ್ನು ಕೈ ಖಾನೆಗೆ ಹೋಗೋದು ವರ್ಕಿಂಗ್ ಮೆಮೊರಿಯೇ ಅಲ್ಲ, ದಿನಾ ಹೋಗಿ ಹೋಗಿ ಆದ ರೂಢಿ.

ಅಂಕಿಅಂಶ
ಈ ವಿವರಣೆ ಒಪ್ಪಬಹುದು. ಸ್ಕ್ಯಾನ್ ಇಲ್ಲದೇನೂ ನಿಲ್ಲುತ್ತೆ.

ಧಾರವಾಡ_ಮಾಸ್ತರ
ನಾ ಹೈಸ್ಕೂಲಿನ್ಯಾಗ ಗಣಿತ ಕಲಸ್ತೀನ್ರಿ. ಇದನ್ನ ದಿನಾ ಕಣ್ಣಾರೆ ನೋಡ್ತೀನಿ. ಅಂಜಿಕಿ ಇರೋ ಹುಡುಗನ್ನ ಬೋರ್ಡಿಗೆ ಕರದು 47ನ್ನ 6ರಿಂದ ಗುಣಾಕಾರ ಮಾಡು ಅಂದ್ರ, ಆರೇಳ್ಲೆ ನಲವತ್ತೆರಡು ಅಂತ ಪಟಕ್ಕನ ಹೇಳ್ತಾನ. ಮಗ್ಗಿ ಎಲ್ಲೂ ಹೋಗಂಗಿಲ್ಲ. 2 ಬರೀತಾನ, 4 ಕೈಯಾಗ. ಆರ್ನಾಕ್ಲೆ ಇಪ್ಪತ್ನಾಲ್ಕು, ಅದೂ ಸರಿ. ಆಮ್ಯಾಲೆ ಸೀದಾ 242 ಅಂತ ಬರದು ನಿಲ್ತಾನ. ಕೈಯಾಗಿನ ಆ 4 ಎಲ್ಲಿ ಹೋತು? ಅದ ಹುಡುಗ ಮನಿಯೊಳಗ, ಇಲ್ಲಾ ಗೆಳ್ಯಾರ ಜೋಡಿ ಕೂತು 282 ಅಂತ ಸರಿ ಮಾಡ್ತಾನ.

ತಲಿಯೊಳಗಿನ ಪಾಟಿ ಸಣ್ಣದು. ಅರ್ಧ ಪಾಟಿ ತುಂಬ "ಸರ್ ಬೈತಾರ, ಎಲ್ಲಾರೂ ನಗ್ತಾರ" ಅಂತ ಬರಕೊಂಡು ನಿಂತಾನ, 4 ಬರಿಯಾಕ ಜಾಗಾ ಎಲ್ಲಿ? ಇಂಥ ಹುಡುಗರಿಗೆ "ಲಕ್ಷ್ಯ ಇಲ್ಲ, ದಡ್ಡ" ಅಂತ ಹಣೆಪಟ್ಟಿ ಕಟ್ಟಿಬಿಡ್ತಾರ. ಅದು ನನಗ ಭಾಳ ಸಂಕಟ ಆಗ್ತದ.

ನರಜಾಲ
ಮಾಸ್ತರೇ, ನೀವು ಹೇಳಿದ ಆ ಕೈಯಲ್ಲಿನ 4ನ್ನೇ ಅಳೆದಿದ್ದಾರೆ. 2001ರಲ್ಲಿ ಆ್ಯಶ್‌ಕ್ರಾಫ್ಟ್ ಮತ್ತು ಕರ್ಕ್, ಗಣಿತದ ಭಯ ಇರೋರಿಗೆ ದಶಕ ಹೋಗೋ ಕೂಡಿಕೆಗಳನ್ನ ಕೊಟ್ಟು, ಜೊತೆಗೆ ಕೆಲವು ಅಕ್ಷರಗಳನ್ನೂ ನೆನಪಿಟ್ಕೊಳ್ಳಿ ಅಂದ್ರು. ತಪ್ಪು ಹೆಚ್ಚಾಗಿದ್ದು ದಶಕ ಇದ್ದ ಲೆಕ್ಕದಲ್ಲಿ, ಅದೂ ನೆನಪಿನ ಹೊರೆ ಹೆಚ್ಚಿದ್ದಾಗ.

ಪಿಯುಸಿ_ಅಮ್ಮ
ಮಾಸ್ತರೇ, ನನ್ನ ಮಗಳದ್ದೂ ಇದೇ ಕಥೆ. ಸೆಕೆಂಡ್ ಪಿಯು, ಜೊತೆಗೆ ನೀಟ್ ಕೋಚಿಂಗ್. ಮನೇಲಿ ಪ್ರಶ್ನೆಪತ್ರಿಕೆ ಕೊಟ್ರೆ ನೀರು ಕುಡಿದಷ್ಟು ಸಲೀಸು. ಟೆಸ್ಟ್ ಹಾಲಿನಲ್ಲಿ ಪ್ರಶ್ನೆ ಓದಿ ಕೊನೆಗೆ ಬರೋಷ್ಟರಲ್ಲಿ ಮೊದಲು ಏನಿತ್ತು ಅನ್ನೋದೇ ಹೋಗುತ್ತಂತೆ. ಏನು ಮಾಡಿಸಲಿ? ಯಾರೋ ಧ್ಯಾನ ಅಂತಾರೆ, ಯಾರೋ ಬಾದಾಮಿ ಅಂತಾರೆ.

ಹಳೇಮೈಸೂರು
ಬೆಳಗ್ಗೆ ಬೇಗ ಎಬ್ಬಿಸಿ ಓದಿಸಿ.

ಪಿಯುಸಿ_ಅಮ್ಮ
ಸರ್, ಐದಕ್ಕೆ ಏಳ್ತಾಳೆ. ಮಲಗೋದೇ ಹನ್ನೆರಡೂವರೆಗೆ.

ರಾತ್ರಿಪಾಳಿ
ಅಕ್ಕಾ, ಉತ್ತರ ಅಲ್ಲೇ ಇದೆ. ನಾನು ಐಸಿಯು ನರ್ಸ್. ರಾತ್ರಿ ಡ್ಯೂಟಿ ಸಾಲಾಗಿ ಬಂದಾಗ ಮೂಡ್ ಮತ್ತು ನೆನಪು ಒಟ್ಟಿಗೇ ಹಾಳಾಗೋದನ್ನ ನಮ್ಮ ವಾರ್ಡಲ್ಲಿ ಎಲ್ಲರೂ ಹೇಳ್ತಾರೆ. ಸಣ್ಣ ಮಾತಿಗೂ ಅಳು ಬರುತ್ತೆ. 2007ರ ಒಂದು ಅಧ್ಯಯನದಲ್ಲಿ ಸುಮಾರು 35 ಗಂಟೆ ಎಚ್ಚರ ಇದ್ದವರಿಗೆ ಬೇಸರದ ಚಿತ್ರ ತೋರಿಸಿದಾಗ ಅಮಿಗ್ಡಲಾ, ಅಂದ್ರೆ ಭಯ-ಆತಂಕಕ್ಕೆ ಮೊದಲು ಎಚ್ಚರವಾಗೋ ಭಾಗ, ನಿದ್ದೆ ಮಾಡಿದವರಿಗಿಂತ ಶೇ. 60ರಷ್ಟು ಹೆಚ್ಚು ಪ್ರತಿಕ್ರಿಯೆ ಕೊಟ್ಟಿತು. ಅದನ್ನ ಹಿಡಿತದಲ್ಲಿಡೋ ಪ್ರಿಫ್ರಾಂಟಲ್ ಭಾಗದ ಜೊತೆ ಅದರ ಸಂಪರ್ಕವೂ ಸಡಿಲ ಆಗಿತ್ತು. ಮಗುವಿಗೆ ಇನ್ನೊಂದು ಗಂಟೆ ನಿದ್ದೆ ಕೊಡಿ, ಬಾದಾಮಿ ಆಮೇಲೆ ನೋಡೋಣ.

ಧಾರವಾಡ_ಮಾಸ್ತರ
ಅಕ್ಕಾರ, ಇನ್ನೊಂದ ಮಾಡಿ ನೋಡ್ರಿ. ಪರೀಕ್ಷಾಕ್ಕ ಹೋಗೂಕಿಂತ ಮುಂಚೆ ಹತ್ತು ನಿಮಿಷ, ತನಗ ಏನೇನು ಹೆದರಿಕಿ ಐತಿ ಅದನ್ನ ಹಾಳಿ ಮ್ಯಾಲೆ ಬರಿ ಅನ್ರಿ. ಯಾರಿಗೂ ತೋರಿಸೂದು ಬ್ಯಾಡ, ಹರದು ಒಗದ್ರೂ ನಡೀತದ. 2011ರಾಗ ರಾಮಿರೆಜ್ ಮತ್ತ ಬೈಲಾಕ್ ಅಂತ ಇಬ್ಬರು ಮಾಡಿಸಿದ್ರು, ಆತಂಕ ಇದ್ದ ಹುಡುಗರ ಅಂಕ ಸುಧಾರಿಸಿದ್ವು ಅಂತ ಬರದಾರ. ನಾ ನಮ್ಮ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಮಾಡಸ್ತೀನಿ. ಭಾಳ ಮಕ್ಕಳು ಹಗುರಾತು ಸರ್ ಅಂತಾರ.

ಅಂಕಿಅಂಶ
ಮಾಸ್ತರೇ, ಬೇಜಾರಾಗ್ಬೇಡಿ, ಆದರೆ ಹೇಳ್ಲೇಬೇಕು. 2018ರಲ್ಲಿ ನೇಚರ್ ಮತ್ತು ಸೈನ್ಸ್ ಪತ್ರಿಕೆಗಳಲ್ಲಿ ಬಂದಿದ್ದ 21 ಪ್ರಯೋಗಗಳನ್ನ ಹೆಚ್ಚು ಜನರನ್ನಿಟ್ಟು ಮತ್ತೆ ಮಾಡಿ ನೋಡಿದ್ರು. 13 ನಿಂತ್ವು, 8 ನಿಲ್ಲಲಿಲ್ಲ. ನಿಲ್ಲದೇ ಹೋದ ಆ ಎಂಟರಲ್ಲಿ ಈ ಹತ್ತು ನಿಮಿಷದ ಬರವಣಿಗೆಯೂ ಒಂದು.

ಧಾರವಾಡ_ಮಾಸ್ತರ
ನಿಲ್ಲಲಿಲ್ಲ ಅಂದ್ರ? ಅಂಕ ಏರಲಿಲ್ಲ, ಅಷ್ಟ ಅಲ್ಲೇನು? ಹುಡುಗಿ ಕೈ ನಡುಗೂದು ನಿಂತ್ರ ನನಗ ಅಷ್ಟ ಸಾಕು. ಒಂದ ಹಾಳಿ, ಒಂದ ಪೆನ್ನು. ನಷ್ಟ ಏನದ?

ಅಂಕಿಅಂಶ
ನಷ್ಟ ಇಲ್ಲ, ಮಾಡಿಸಿ. ನನ್ನ ತಕರಾರು "ಸಾಬೀತಾಗಿದೆ" ಅನ್ನೋ ಮಾತಿನ ಮೇಲೆ. ನಾಳೆ ಯಾರೋ ಇದನ್ನೇ ಕೋರ್ಸ್ ಮಾಡಿ ಪಾಲಕರ ಹತ್ತಿರ ದುಡ್ಡು ಕೀಳ್ತಾರೆ. ಮೆದುಳಿನ ಬಣ್ಣದ ಚಿತ್ರ ಹಾಕಿ "ನಿಮ್ಮ ಮಗುವಿನ ಪ್ರಿಫ್ರಾಂಟಲ್ ಚುರುಕು ಮಾಡ್ತೀವಿ" ಅನ್ನೋ ಜಾಹೀರಾತು ಈಗಾಗ್ಲೇ ನನ್ನ ಕಣ್ಣಿಗೆ ಬಿದ್ದಿದೆ.

ಪಿಯುಸಿ_ಅಮ್ಮ
ಆ ಬಣ್ಣದ ಚಿತ್ರದ್ದೇ ನನಗೂ ಗೊತ್ತಾಗಲ್ಲ. ಕೆಂಪಗೆ ಇದ್ದಷ್ಟೂ ಒಳ್ಳೇದಾ?

ನರಜಾಲ
ಇಲ್ಲ ಅಕ್ಕ. ಎಫ್‌ಎಂಆರ್‌ಐ ನೇರವಾಗಿ ನರಕೋಶದ ಕೆಲಸ ಅಳೆಯಲ್ಲ. ಕೆಲಸ ಜೋರಾದ ಕಡೆಗೆ ಆಮ್ಲಜನಕ ಇರೋ ರಕ್ತ ಹೆಚ್ಚು ಹರಿಯುತ್ತೆ, ಆ ಬದಲಾವಣೆಯನ್ನ ಕಾಂತದಿಂದ ಹಿಡಿಯುತ್ತೆ, ಅದೂ ಕೆಲವು ಸೆಕೆಂಡ್ ತಡವಾಗಿ. ಬಣ್ಣ ಹಚ್ಚೋದು ಲೆಕ್ಕಾಚಾರ ಮುಗಿದ ಮೇಲೆ.

ಕೆಂಪು ಜಾಸ್ತಿ ಇದ್ರೆ ಒಳ್ಳೇದು ಅನ್ನೋದಂತೂ ತಪ್ಪು. ಆತಂಕ ಇರೋರು ಕೆಲವು ಸಲ ಬೇರೆಯವರಷ್ಟೇ ಸರಿಯುತ್ತರ ಕೊಡ್ತಾರೆ, ಆದರೆ ಅದಕ್ಕೆ ಹೆಚ್ಚು ಶ್ರಮ ಬೀಳುತ್ತೆ. 2007ರಲ್ಲಿ ಐಸೆಂಕ್ ತಂಡ ಮಂಡಿಸಿದ ವಾದದ ತಿರುಳೇ ಅದು. ಆತಂಕ ಮೊದಲು ಕೆಡಿಸೋದು ಉತ್ತರವನ್ನಲ್ಲ, ಉತ್ತರಕ್ಕೆ ಬೀಳೋ ಖರ್ಚನ್ನ ಏರಿಸುತ್ತೆ. ಖಿನ್ನತೆ ಇರೋರಲ್ಲೂ ಕೆಲವು ಅಧ್ಯಯನಗಳಲ್ಲಿ ಅಂಕ ಅಷ್ಟೇ ಇದ್ದು ಪ್ರಿಫ್ರಾಂಟಲ್ ಚಟುವಟಿಕೆ ಹೆಚ್ಚು ಕಂಡಿದೆ. ನಿಮ್ಮ ಮಗಳು ಟೆಸ್ಟ್ ಮುಗಿಸಿ ಬಂದು ಸುಸ್ತಾಗಿ ಬೀಳ್ತಾಳಾ?

ಪಿಯುಸಿ_ಅಮ್ಮ
ಚಪ್ಪಲಿ ಬಿಚ್ಚಿದ ತಕ್ಷಣ ಮಲಗಿಬಿಡ್ತಾಳೆ. ಊಟ ಕೂಡ ಬೇಡ ಅಂತಾಳೆ. ನಾವು ನಾಟಕ ಅಂದುಕೊಂಡು ಗದರಿದ್ದೂ ಉಂಟು. ಇನ್ನು ಮೇಲೆ ಗದರಲ್ಲ.

ಕಡಲತಡಿ
ನೀವೆಲ್ಲ ಅಮೆರಿಕದ ಪ್ರಯೋಗವೇ ಹೇಳ್ತಾ ಇದ್ದೀರಿ ಮಾರಾಯ್ರೆ. ನಮ್ಮಲ್ಲಿ ಅಷ್ಟಾವಧಾನ ಉಂಟಲ್ಲ? ಎಂಟು ಜನ ಪೃಚ್ಛಕರು, ಅಂದರೆ ಪ್ರಶ್ನೆ ಕೇಳುವವರು, ಅವಧಾನಿಯ ಸುತ್ತ ಕೂತುಕೊಳ್ಳುದು. ಒಬ್ಬರು ಸಮಸ್ಯೆ ಕೊಡುದು, ಅಂದರೆ ಪದ್ಯದ ಒಂದು ಸಾಲು ಕೊಟ್ಟು ಉಳಿದದ್ದು ಪೂರ್ತಿ ಮಾಡಿಸುದು; ಒಬ್ಬರು ದತ್ತಪದಿ, ಅಂದರೆ ಕೊಟ್ಟ ಪದಗಳನ್ನು ಸೇರಿಸಿ ಪದ್ಯ ಕಟ್ಟಿಸುದು. ನಿಷೇಧಾಕ್ಷರಿಯವರು ಒಂದೊಂದು ಅಕ್ಷರ ಬರುವ ಮೊದಲೇ "ಅದು ಬೇಡ" ಹೇಳುದು. ಸಂಖ್ಯಾಬಂಧದವರು ಮಧ್ಯೆ ಮಧ್ಯೆ ಚೌಕದ ಯಾವುದೋ ಒಂದು ಮನೆಯ ಸಂಖ್ಯೆ ಕೇಳುದು. ಇದೆಲ್ಲದರ ನಡುವೆ ಅಪ್ರಸ್ತುತ ಪ್ರಸಂಗದವರು ಏನೇನೋ ಪ್ರಶ್ನೆ ಹಾಕಿ ಅವಧಾನಿಯ ಮನಸ್ಸು ಕದಡ್ಲಿಕ್ಕೆ ನೋಡುದು. ಕಾಗದ ಇಲ್ಲ, ಪೆನ್ನಿಲ್ಲ. ಒಂದೊಂದು ಸುತ್ತಿನಲ್ಲಿ ಒಂದೊಂದು ಸಾಲು, ಕೊನೆಗೆ ಧಾರಣದಲ್ಲಿ ಎಲ್ಲ ಪದ್ಯವನ್ನೂ ಇಡಿಯಾಗಿ ಹೇಳುದು. ಶತಾವಧಾನಿ ಗಣೇಶರು ಇಂಥದ್ದು ಸಾವಿರಕ್ಕೂ ಹೆಚ್ಚು ಮಾಡಿದ್ದಾರೆ.

ಅಪ್ರಸ್ತುತ ಪ್ರಸಂಗ ಇಟ್ಟವರಿಗೆ ಗೊತ್ತಿತ್ತು ನೋಡಿ, ನೆನಪು ಮುರಿಯಬೇಕಾದರೆ ಮನಸ್ಸನ್ನು ಕೆಣಕಬೇಕು ಅಂತ. ಅವಧಾನಿ ಸಿಟ್ಟಾದರೆ ಕೆಲಸ ಕೆಟ್ಟಿತು. ನಗುತ್ತಾ ಉತ್ತರ ಕೊಡ್ತಾರೆ, ಮತ್ತೆ ಬಿಟ್ಟ ಸಾಲಿಗೇ ಬರ್ತಾರೆ. ಸಭೆಯಲ್ಲಿ ಕೂತು ನೋಡಿದವರಿಗೆ ಮೈ ಜುಂ ಅನ್ನುತ್ತದೆ.

ಹಳೇಮೈಸೂರು
ಇದನ್ನೇ ನಾನು ಹೇಳುತ್ತಿದ್ದುದು. ಅಭ್ಯಾಸ!

ನರಜಾಲ
ಕಡಲತಡಿಯವರೇ, ಒಳ್ಳೇ ಉದಾಹರಣೆ. ಆದರೆ ಅವಧಾನಿಗಳ ವರ್ಕಿಂಗ್ ಮೆಮೊರಿ ನಮ್ಮದಕ್ಕಿಂತ ದೊಡ್ಡದು ಅಂತ ಇದರಿಂದ ಹೇಳೋಕಾಗಲ್ಲ. ಛಂದಸ್ಸಿನ ಗಣ, ಪ್ರಾಸ, ಸಾವಿರಾರು ಪದ್ಯಗಳ ಓದು, ಇವೆಲ್ಲ ದೀರ್ಘಕಾಲದ ನೆನಪಿನಲ್ಲಿ ಗಟ್ಟಿ ಕೂತಿರೋದರಿಂದ ಹೊಸ ಸಾಲು ಬಂದ ತಕ್ಷಣ ಅದಕ್ಕೊಂದು ಜಾಗ ಸಿಗುತ್ತೆ ಅನ್ನಿಸುತ್ತೆ. 1980ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಎಸ್.ಎಫ್. ಅಂತ ಕರೆದಿರೋ ವಿದ್ಯಾರ್ಥಿ ಇದ್ದ. ಅಂಕಿ ಕೇಳಿ ಹಾಗೇ ಹೇಳೋದರಲ್ಲಿ ಏಳರಿಂದ ಶುರು ಮಾಡಿ, ಇನ್ನೂರು ಗಂಟೆಗೂ ಹೆಚ್ಚು ಅಭ್ಯಾಸ ಮಾಡಿ 79 ಅಂಕಿವರೆಗೆ ಹೋದ. ಅವನು ಓಟಗಾರ, ಅಂಕಿಗಳನ್ನ ಓಟದ ಸಮಯಗಳಾಗಿ ಗುಂಪು ಮಾಡ್ಕೊಳ್ತಿದ್ದ. ಅಂಕಿ ಬಿಟ್ಟು ಅಕ್ಷರ ಕೊಟ್ರೆ ಮತ್ತೆ ಆರರ ಹತ್ತಿರಕ್ಕೇ ಬಂದ.

ಹಾಗಾಗಿ ಹಳೇಮೈಸೂರು ಸರ್, ಅಭ್ಯಾಸ ಅನ್ನೋದು ನಿಜ, ಆದರೆ ಆಯಾ ಕೆಲಸದ ಅಭ್ಯಾಸ. "ಮನಸ್ಸು ಗಟ್ಟಿ" ಅನ್ನೋ ಒಂದೇ ಸಾಮಾನ್ಯ ಗುಣ ಬೆಳೆಸಿದ್ರೆ ಎಲ್ಲದಕ್ಕೂ ಬರುತ್ತೆ ಅನ್ನೋದಕ್ಕೆ ಇದು ಸಾಕ್ಷಿ ಅಲ್ಲ.

ಕಡಲತಡಿ
ಛಂದಸ್ಸು ಹಿಡಿದಿಡ್ತದೆ ಅನ್ನುದು ಸರಿ. ಆದರೆ ಕೆಣಕಿದಾಗ ಕದಡದೆ ಇರುದು ಛಂದಸ್ಸಿನಿಂದ ಬರುದಲ್ಲ. ವೇಷ ಇಲ್ಲದೆ ಕೂತು ಮಾತಿನಲ್ಲೇ ಯಕ್ಷಗಾನ ಪ್ರಸಂಗ ನಡೆಸುವ ನಮ್ಮ ತಾಳಮದ್ದಳೆಯಲ್ಲೂ ಹಾಗೆಯೇ. ಎದುರು ಅರ್ಥಧಾರಿ ಒಂದು ಚುಚ್ಚು ಮಾತು ಆಡ್ತಾರೆ. ಅದನ್ನು ಮನಸ್ಸಿಗೆ ತಗೊಂಡವರ ವಾದದ ಎಳೆ ಅಲ್ಲಿಗೇ ಕಡಿದು ಹೋಗ್ತದೆ. ತಗೊಳ್ಳದವರು ಅವರ ಮಾತಿನಿಂದಲೇ ಉತ್ತರ ಹುಟ್ಟಿಸ್ತಾರೆ. ಎರಡೂ ಜನ ಪ್ರಸಂಗ ಓದಿದ್ದು ಅಷ್ಟೇ ಇರ್ತದೆ.

ನರಜಾಲ
ಇದಕ್ಕೆ ನನ್ನ ಹತ್ತಿರ ಎದುರುತ್ತರ ಇಲ್ಲ. ಒಪ್ಪುವಂಥ ಮಾತು.

ಕಬ್ಬಿನಗದ್ದೆ
ಮಂಡ್ಯದವನು ಕಣಣ್ಣ. ನೀವೆಲ್ಲ ಪರೀಕ್ಷೆ, ಪದ್ಯ ಅಂತಿದೀರ. ನಮ್ಕಡೆ ಕಬ್ಬು ಕಡಿಯೋಕೆ ಮುಂಚೆ ಒಂದೆರಡು ತಿಂಗಳು ಇರ್ತದಲ್ಲ, ಕೈಯಲ್ಲಿ ಕಾಸಿರಲ್ಲ, ಕಟಾವಿನ ಪರ್ಮಿಟ್ ಬಂದಿರಲ್ಲ, ಸೊಸೈಟಿ ಸಾಲದ ಗಡುವು ಹತ್ರ ಬಂದಿರ್ತದೆ. ಆಗ ಮನುಷ್ಯ ಮನುಷ್ಯನಾಗಿರಲ್ಲ. ಪೇಟೆಗೆ ಹೋಗಿ ಏನು ತರೋಕೆ ಬಂದೆ ಅನ್ನೋದೇ ಮರ್ತೋಗ್ತದೆ. ಕಾರ್ಖಾನೆ ದುಡ್ಡು ಕೈಗೆ ಬಂದ ಮೇಲೆ ಅದೇ ಆಸಾಮಿ ಲೆಕ್ಕಾಚಾರ ನೋಡ್ಬೇಕು, ಒಂದು ರೂಪಾಯಿ ಬಿಡಲ್ಲ. ಇದನ್ನ ಯಾರಾದ್ರೂ ಅಳೆದವ್ರಾ?

ಅಂಕಿಅಂಶ
ಅಳೆದಿದ್ದಾರೆ ಅಣ್ಣ, ಅದೂ ಕಬ್ಬು ಬೆಳೆಗಾರರಲ್ಲೇ, ಪಕ್ಕದ ತಮಿಳುನಾಡಿನಲ್ಲಿ. 2013ರಲ್ಲಿ ಮಣಿ, ಮುಲ್ಲೈನಾಥನ್, ಶಫೀರ್, ಝಾವೋ ಸೈನ್ಸ್ ಪತ್ರಿಕೆಯಲ್ಲಿ ಬರೆದ್ರು. 464 ರೈತರು. ಅವರವರನ್ನೇ ಕೊಯ್ಲಿಗೆ ಮುಂಚೆ ಒಂದು ಸಲ, ದುಡ್ಡು ಬಂದ ಮೇಲೆ ಒಂದು ಸಲ ಪರೀಕ್ಷೆ ಮಾಡಿದ್ರು. ಮುಂಚಿನ ಸಲ ಆಕೃತಿ ಜೋಡಿಸೋ ರೇವನ್ಸ್ ಪರೀಕ್ಷೆಯಲ್ಲೂ, ಗಮನ ಹತೋಟಿಯಲ್ಲಿಡೋ ಅಂಕಿಗಳ ಪರೀಕ್ಷೆಯಲ್ಲೂ ಹಿಂದೆ ಬಿದ್ರು. ಎರಡನೇ ಸಲ ಬರೆದಿದ್ದಕ್ಕೇ ಸುಲಭ ಆಯ್ತೇನೋ ಅನ್ನೋ ಅನುಮಾನಕ್ಕೆ, ಕೆಲವು ರೈತರನ್ನ ಕೊಯ್ಲಿನ ನಂತರವೇ ಮೊದಲ ಸಲ ಪರೀಕ್ಷಿಸಿ ಹೋಲಿಸಿದ್ರು.

ಇದು ನೇರವಾಗಿ ವರ್ಕಿಂಗ್ ಮೆಮೊರಿ ಪರೀಕ್ಷೆ ಅಲ್ಲ, ಅದು ಗಮನದಲ್ಲಿರಲಿ. ಕಾಸಿನ ಕೊರತೆ ತಲೆಯ ಜಾಗ ತಿನ್ನುತ್ತೆ ಅನ್ನೋ ಇದೇ ವಾದದ ಇನ್ನೊಂದು ಅಧ್ಯಯನ, 2012ರದ್ದು, ನಾನು ಮೇಲೆ ಹೇಳಿದ 2018ರ ಮರುಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಆದರೆ ಅದು ಲ್ಯಾಬಿನ ಆಟ, ಇದು ನಿಜವಾದ ಗದ್ದೆ, ನಿಜವಾದ ಸಾಲ. ನಾನು ಇದಕ್ಕೆ ಹೆಚ್ಚು ತೂಕ ಕೊಡ್ತೀನಿ.

ಕಬ್ಬಿನಗದ್ದೆ
ಬ್ಯಾಂಕಿನೋರು, ವಿಮೆಯೋರು ನಮ್ಮತ್ರ ಸಹಿ ಹಾಕಿಸ್ಕೊಳ್ಳೋಕೆ ಬರೋದು ಆ ಟೈಮಲ್ಲೇ. ಹತ್ತು ಪುಟದ ಫಾರಂ. ಓದಿದ್ರೂ ತಲೆಗೆ ಹತ್ತಲ್ಲ. ದುಡ್ಡು ಬಂದ ಮೇಲೆ ಬಂದ್ರೆ ನಾವೂ ನಾಲ್ಕು ಪ್ರಶ್ನೆ ಕೇಳ್ತೀವಿ. ಇದನ್ನ ಕೃಷಿ ಇಲಾಖೆಯೋರು ಯೋಚ್ನೆ ಮಾಡ್ಬೇಕು ಕಣಣ್ಣ.

ಹಳೇಮೈಸೂರು
ಕಬ್ಬಿನಗದ್ದೆಯವರ ಈ ಮಾತು ನನಗೆ ನಾಟಿತು. ಸಾಲದ ಕಾಗದ ಓದಿ ಹೇಳುವಾಗ ಎದುರಿಗೆ ಕೂತ ರೈತರು ತಲೆಯಾಡಿಸಿ, ಮರುಕ್ಷಣ ಅದನ್ನೇ ಕೇಳುತ್ತಿದ್ದುದನ್ನು ಬಹಳ ನೋಡಿದ್ದೇನೆ. ಆದರೂ ಅಭ್ಯಾಸದ ಮಾತನ್ನು ನಾನು ಬಿಡುವುದಿಲ್ಲ.

ಸುಮ್ನೆ_ಓದ್ತೀನಿ
ಹಾಗಾದ್ರೆ ಖುಷಿಯಾಗಿದ್ರೆ ನೆನಪು ಜಾಸ್ತಿ ಆಗುತ್ತಾ? ಕ್ರಿಕೆಟ್ ಗೆದ್ದ ದಿನ ಆಫೀಸಲ್ಲಿ ಯಾರ ತಲೆಯೂ ಓಡಲ್ಲ, ನಾನು ಕಂಡಂತೆ.

ನರಜಾಲ
ಅಲ್ಲೂ ಜಗಳ ಇದೆ. 2011ರಲ್ಲಿ ಮಾರ್ಟಿನ್ ಮತ್ತು ಕರ್ನ್ಸ್, ಖುಷಿ ಮೂಡಿನಲ್ಲಿ ಹಿಡಿದಿಡೋ ಸಾಮರ್ಥ್ಯ ಕಡಿಮೆಯಾಗುತ್ತೆ ಅಂದ್ರು. 2013ರಲ್ಲಿ ಯಾಂಗ್, ಯಾಂಗ್, ಐಸೆನ್ ಮೂವರು, ಇಲ್ಲ ಸುಧಾರಿಸುತ್ತೆ ಅಂದ್ರು. ಇದೇ ಐಸೆನ್ 1987ರಲ್ಲಿ, ಸ್ವಲ್ಪ ಖುಷಿಪಡಿಸಿದ್ರೆ ಜನ ಒಗಟಿನಂಥ ಸಮಸ್ಯೆ ಚೆನ್ನಾಗಿ ಬಿಡಿಸ್ತಾರೆ ಅಂತ ತೋರಿಸಿದ್ದವರು. ಹೊಸ ದಾರಿ ಹೊಳೆಯೋಕೆ ಮನಸ್ಸು ಹರಡಿರೋದು ಒಳ್ಳೇದು, 650 ಅನ್ನೋದನ್ನ ಬಿಗಿಯಾಗಿ ಹಿಡಿಯೋಕೆ ಹರಡಿರಬಾರದು. ಎರಡೂ ಫಲಿತಾಂಶ ಒಟ್ಟಿಗೆ ನಿಜ ಇರಬಹುದು ಅನ್ನೋದು ನನ್ನ ಅಭಿಪ್ರಾಯ.

ರಾಸಾಯನಿಕವಾಗಿ ನೋಡಿದ್ರೂ ಹಾಗೇ. ಯೇಲ್‌ನ ಏಮಿ ಆರ್ನ್‌ಸ್ಟೆನ್ ದಶಕಗಳಿಂದ ಇದನ್ನೇ ಹುಡುಕ್ತಿದ್ದಾರೆ. ಪ್ರಿಫ್ರಾಂಟಲ್ ನರಕೋಶಗಳಿಗೆ ಡೋಪಮಿನ್, ನಾರ್‌ಅಡ್ರಿನಲಿನ್ ಅನ್ನೋ ಮಿದುಳಿನ ರಾಸಾಯನಿಕಗಳು ಹದವಾಗಿ ಬೇಕು. ತೂಕಡಿಸುವಷ್ಟು ಕಡಿಮೆಯಾದ್ರೂ ಕೆಲಸ ನಡೆಯಲ್ಲ. ಹಿಡಿತಕ್ಕೆ ಸಿಗದ ಒತ್ತಡದಲ್ಲಿ ಅದು ಉಕ್ಕಿ ಬಂದ್ರೆ ಆ ನರಕೋಶಗಳ ನಡುವಿನ ಸಂಪರ್ಕವೇ ಸ್ವಲ್ಪ ಹೊತ್ತಿಗೆ ದುರ್ಬಲ ಆಗುತ್ತೆ. ಆಗ ರೂಢಿ ಮತ್ತು ಭಯದ ಭಾಗಗಳು ಮುಂದೆ ಬರ್ತವೆ. ಮಾಸ್ತರ ಹುಡುಗನಿಗೆ ಮಗ್ಗಿ ಉಳಿದು ಕೈಯಲ್ಲಿನ 4 ಹೋಗೋದು, ಮೇಡಂ ಕೈ ಖಾನೆಗೆ ಹೋಗಿ ಅಂಕಿ ಹೋಗೋದು, ಎರಡಕ್ಕೂ ಇದು ಹೊಂದುತ್ತೆ. "ಬಿಡೋದು ನಮ್ಮ ಕೈಯಲ್ಲಿದೆಯಾ" ಅಂತ ಕೇಳಿದ್ರಲ್ಲ ಮೇಡಂ, ಆ ಉಕ್ಕು ಬರೋದು ನಿಮ್ಮ ಕೈಯಲ್ಲಿಲ್ಲ.

ರಾತ್ರಿಪಾಳಿ
ಕೈಯಲ್ಲಿಲ್ಲ ಅಂದ ಮೇಲೆ ಕೆಲಸದ ಪದ್ಧತಿ ಬದಲಾಯಿಸ್ಬೇಕು. ಗುಳಿಗೆಪೆಟ್ಟಿಗೆ ಮೇಡಂ, ಚೀಟಿಯನ್ನೇ ರ‍್ಯಾಕಿಗೆ ತಗೊಂಡು ಹೋಗಿ. ಹೆಸರು, ಎಂಜಿ ಎರಡನ್ನೂ ಬಾಯಿಬಿಟ್ಟು ಹೇಳಿ. ಸ್ಟ್ರಿಪ್ ಕೈಗೆ ಬಂದ ಮೇಲೆ ಅದರ ಮೇಲಿರೋದನ್ನ ಓದಿ, ಬಿಲ್ ಮಾಡೋವಾಗ ಚೀಟಿ ಜೊತೆ ಮತ್ತೆ ಹೊಂದಿಸಿ. ಒಂದೇ ಥರ ಕೇಳಿಸೋ ಹೆಸರಿನ ಔಷಧಿಗಳನ್ನ ಅಕ್ಕಪಕ್ಕ ಇಡಬೇಡಿ. ನಾವು ಅಪಾಯದ ಔಷಧಿ ಕೊಡೋವಾಗ ಇಬ್ಬರು ನೋಡ್ತೀವಿ, ಮೂಡ್ ಚೆನ್ನಾಗಿದ್ರೂ ನೋಡ್ತೀವಿ. ಹೊರದೇಶದ ಕೆಲವು ಆಸ್ಪತ್ರೆಗಳಲ್ಲಿ ಔಷಧಿ ಕೊಡೋ ನರ್ಸ್‌ಗಳು "ಮಾತಾಡಿಸಬೇಡಿ" ಅಂತ ಬರೆದ ಮೇಲಂಗಿ ಹಾಕ್ಕೊಳ್ತಾರೆ.

ಗುಳಿಗೆಪೆಟ್ಟಿಗೆ
ಬಾಯಿಬಿಟ್ಟು ಹೇಳೋದು ನನಗೆ ಹಿಡಿಸ್ತು. ಒಳಗಿನ ಜಗಳ ನಿಲ್ಲಿಸೋಕೆ ಆಗಲ್ಲ, ಅದರ ಜಾಗದಲ್ಲಿ 650 ಅನ್ನೋದನ್ನ ಕೂರಿಸಬಹುದು. ಚೀಟಿ ರ‍್ಯಾಕಿಗೆ ಒಯ್ಯೋದು ಸಂಜೆ ರಷ್‌ನಲ್ಲಿ ಕಷ್ಟ, ಗಿರಾಕಿ ಚೀಟಿ ಕೈಬಿಡಲ್ಲ. ತುಂಡು ಕಾಗದದಲ್ಲಿ ಎಂಜಿ ಬರ್ಕೊಳ್ತೀನಿ.

ಇನ್ನೊಂದು ಕೇಳ್ಬೇಕಿತ್ತು. ನಮ್ಮಮ್ಮನಿಗೆ 68. ಅಪ್ಪ ಹೋದ ಮೇಲೆ ಅವರಿಗೆ ಮರೆವು ಜಾಸ್ತಿ ಆಗಿದೆ. ಒಲೆ ಮೇಲೆ ಹಾಲಿಟ್ಟು ಮರೀತಾರೆ. ಏನು ಕೇಳಿದ್ರೂ "ಗೊತ್ತಿಲ್ಲಮ್ಮ, ನನ್ನ ತಲೆ ಹೋಯ್ತು" ಅಂತಾರೆ. ಎಲ್ಲರೂ ಡಿಮೆನ್ಷಿಯಾ ಅಂತ ಹೆದರಿಸ್ತಿದ್ದಾರೆ.

ತುಮಕೂರು_ವೈದ್ಯೆ
ಮೇಲಿನದ್ದೆಲ್ಲ ಓದಿದೆ, ಈ ಪ್ರಶ್ನೆಗೆ ಮಾತ್ರ ಉತ್ತರ ಕೊಡ್ತೀನಿ, ಯಾಕಂದ್ರೆ ಇದು ತಡ ಮಾಡುವ ವಿಷಯವಲ್ಲ. ವಯಸ್ಸಾದವರಲ್ಲಿ ಖಿನ್ನತೆ ಎಷ್ಟೋ ಸಲ ಅಳುವಾಗಿ ಕಾಣಲ್ಲ, ಮರೆವಾಗಿ ಕಾಣುತ್ತೆ. ಗಮನ ನಿಲ್ಲದಿರುವುದು, ತೀರ್ಮಾನಕ್ಕೆ ಬರಲಾಗದಿರುವುದು ಖಿನ್ನತೆಯನ್ನು ಗುರುತಿಸುವ ಒಂಬತ್ತು ಲಕ್ಷಣಗಳಲ್ಲೇ ಒಂದು. ಡಿಮೆನ್ಷಿಯಾ ಇರುವವರು ಸಾಮಾನ್ಯವಾಗಿ ಮರೆವನ್ನು ಮುಚ್ಚಿಕೊಳ್ಳಲು ನೋಡ್ತಾರೆ, ಏನಾದರೊಂದು ಉತ್ತರ ಕೊಡ್ತಾರೆ. ಖಿನ್ನತೆ ಇರುವವರು "ಗೊತ್ತಿಲ್ಲ" ಅಂತ ಕೈಚೆಲ್ಲುವುದು ಹೆಚ್ಚು. ಆದರೆ ಇದು ಮನೆಯಲ್ಲಿ ಕೂತು ತೀರ್ಮಾನಿಸುವಂಥದ್ದಲ್ಲ, ಎರಡೂ ಒಟ್ಟಿಗೆ ಇರಬಹುದು. ಥೈರಾಯ್ಡ್, ಬಿ12, ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ. ಕಿವಿ ಸರಿಯಾಗಿ ಕೇಳಿಸುತ್ತಾ ನೋಡಿ. ಈಗ ತಗೊಳ್ತಿರುವ ಎಲ್ಲಾ ಮಾತ್ರೆಗಳನ್ನೂ ಡಾಕ್ಟರ ಮುಂದಿಡಿ, ಕೆಲವು ನಿದ್ದೆ ಮಾತ್ರೆ, ಅಲರ್ಜಿ ಮಾತ್ರೆಗಳೂ ಮರೆವು ತರುತ್ತವೆ. ನಂತರ ಮನೋವೈದ್ಯರು. ಖಿನ್ನತೆಯೇ ಆಗಿದ್ದರೆ ಚಿಕಿತ್ಸೆ ಇದೆ, ಹಲವರಲ್ಲಿ ಮರೆವೂ ಎಷ್ಟೋ ಸುಧಾರಿಸುತ್ತೆ.

ಗುಳಿಗೆಪೆಟ್ಟಿಗೆ
ಡಾಕ್ಟ್ರೇ, ಅಲರ್ಜಿ ಮಾತ್ರೆ ಅಂದ್ರೆ ಹಳೇ ಕಾಲದವಾ? ಅಮ್ಮ ರಾತ್ರಿ ತುರಿಕೆಗೆ ಒಂದು ತಗೊಳ್ತಾರೆ, ಬಹಳ ದಿನದಿಂದ.

ತುಮಕೂರು_ವೈದ್ಯೆ
ಹೌದು, ತೂಕಡಿಕೆ ತರುವ ಹಳೆಯ ಬಗೆಯವು. ನೀವೇ ನಿಲ್ಲಿಸಬೇಡಿ, ಸ್ಟ್ರಿಪ್ ತಗೊಂಡು ಹೋಗಿ ತೋರಿಸಿ.

ಪಿಯುಸಿ_ಅಮ್ಮ
ಡಾಕ್ಟ್ರೇ, ಮಗಳಿಗೆ ಮನೋವೈದ್ಯರು ಅಂದ್ರೆ ಮನೇಲಿ ದೊಡ್ಡ ರಾದ್ಧಾಂತ ಆಗುತ್ತೆ. ಫೋನಿನಲ್ಲಿ ಮಾತಾಡೋ ವ್ಯವಸ್ಥೆ ಏನಾದ್ರೂ ಇದೆಯಾ?

ರಾತ್ರಿಪಾಳಿ
ಇದೆ ಅಕ್ಕ. ಟೆಲಿ ಮಾನಸ್, ನಂಬರ್ 14416. ಕೇಂದ್ರ ಸರ್ಕಾರದ್ದು, 2022ರ ಅಕ್ಟೋಬರಿನಲ್ಲಿ ಶುರುವಾಯ್ತು, ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ದಿನದ 24 ಗಂಟೆಯೂ ಇರುತ್ತೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಗಳೇ ಮಾಡಬಹುದು, ಅವಳ ಪರವಾಗಿ ನೀವೂ ಕೇಳಬಹುದು.

ಕಬ್ಬಿನಗದ್ದೆ
ಈ ನಂಬರು ನಮ್ ಸೊಸೈಟಿ ಗೋಡೆ ಮೇಲೆ ಬರೆಸ್ತೀನಿ.

ಧಾರವಾಡ_ಮಾಸ್ತರ
ನಾನೂ ನಮ್ಮ ಸಾಲ್ಯಾಗ ಹಚ್ಚತೀನಿ. ಅಂಕಿಅಂಶ ಅವರ, ಆ 2018ರ ಮರುಪರೀಕ್ಷಾದಾಗ ಯಾವ ಹುಡುಗರನ್ನ ತಗೊಂಡಿದ್ರು? ಪರೀಕ್ಷಾಕ್ಕ ಖರೇನ ಅಂಜೂ ಹುಡುಗರೋ, ಸುಮ್ನ ಲ್ಯಾಬಿಗೆ ಕರದ ಕಾಲೇಜಿನವರೋ?

ಅಂಕಿಅಂಶ
ಲ್ಯಾಬಿಗೆ ಕರೆದವರೇ ಮಾಸ್ತರೇ, ಅಲ್ಲೇ ಒತ್ತಡ ಹುಟ್ಟಿಸಿ ಮಾಡಿದ್ದು. ಮೂಲದವರು ತರಗತಿಯ ನಿಜವಾದ ಪರೀಕ್ಷೆಯಲ್ಲೂ ಮಾಡಿದ್ರು, ಮತ್ತೆ ಮಾಡಿ ನೋಡಿದ್ದು ಲ್ಯಾಬಿನ ಭಾಗವನ್ನ.

ಧಾರವಾಡ_ಮಾಸ್ತರ
ಹಂಗಾದ್ರ ನಮ್ಮ ಹುಡುಗರ ಮಾತು ಇನ್ನೂ ಮುಗದಿಲ್ಲ. ಬರುವ ಪ್ರಿಪರೇಟರಿ ಪರೀಕ್ಷಾದಾಗ ಒಂದ ಸೆಕ್ಷನ್ನಿಗೆ ಬರಿಸ್ತೀನಿ, ಇನ್ನೊಂದಕ್ಕ ಖಾಲಿ ಕೂಡಸ್ತೀನಿ. ಲೆಕ್ಕ ಹೆಂಗ ಹಿಡೀಬೇಕು ನೀವ ಹೇಳ್ರಿ.

ಅಂಕಿಅಂಶ
ಸೆಕ್ಷನ್ ಪ್ರಕಾರ ಬೇಡ, ಒಂದೇ ಸೆಕ್ಷನ್ನಿನಲ್ಲಿ ಚೀಟಿ ಎತ್ತಿ ಅರ್ಧರ್ಧ ಮಾಡಿ. ಪಾಲಕರ ಒಪ್ಪಿಗೆ ತಗೊಳ್ಳಿ. ಖಾಲಿ ಕೂರಿಸೋ ಬದಲು ಅವರಿಗೂ ಹತ್ತು ನಿಮಿಷ ಬೇರೇನಾದ್ರೂ ಬರೆಸಿ, ನಿನ್ನೆ ಏನು ಊಟ ಮಾಡಿದ್ರು ಅನ್ನೋದಾದ್ರೂ ಸರಿ. ಉತ್ತರಪತ್ರಿಕೆ ತಿದ್ದೋರಿಗೆ ಯಾರು ಯಾವ ಗುಂಪು ಅಂತ ಗೊತ್ತಾಗಬಾರದು. ಮಿಕ್ಕಿದ್ದು ನಾನು ನೋಡ್ಕೊಳ್ತೀನಿ, ಮೆಸೇಜ್ ಮಾಡಿ.